ಪಹಣಿಯಲ್ಲಿ ಭತ್ತ, ಹೊಲದಲ್ಲಿ ಮೀನು: ಒಂದು ಅಂಕಿ ಬರೆಸಲು ಹದಿನಾಲ್ಕು ತಿಂಗಳು

ನಮ್ಮ ಮೀನು ಹೊಂಡದ ಸರಿಯಾದ ಲೆಕ್ಕ ಮೊದಲ ಸಲ ಸರ್ಕಾರಿ ಪುಸ್ತಕಕ್ಕೆ ಹತ್ತಿದೆ. 4,280 ಕೆಜಿ. ಇಷ್ಟೇ ಅಂಕಿ. ಇದನ್ನು ಬರೆಸಲು 2024ರ ಮೇ ತಿಂಗಳಿಂದ 2025ರ ಜುಲೈವರೆಗೆ ಓಡಾಡಿದೆ. ಸಿಂಧನೂರು, ಮಾನ್ವಿ, ಕಾರಟಗಿ ಕಡೆ ಭತ್ತ ಬಿಟ್ಟು ಮೀನು ಹಿಡಿದವರು ಬಹಳ ಜನ ಇದ್ದೀರಿ. ನೀವೂ ಇವತ್ತಲ್ಲ ನಾಳೆ ಈ ದಾರಿಗೆ ಬರುತ್ತೀರಿ. ನನಗೆ ಯಾರೂ ಮೊದಲೇ ಹೇಳದೇ ಇದ್ದದ್ದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ.

ಹೊಲ ನನ್ನ ಅಪ್ಪನದು. ಅಪ್ಪನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ, ಮೂರು ಎಕರೆ. ವರ್ಷಗಟ್ಟಲೆ ಭತ್ತ ಹಚ್ಚಿ, ನೀರು ನಿಂತು ನಿಂತು ನೆಲ ಸವಳು-ಜವಳಾಯಿತು. ಬೇಸಿಗೆಯಲ್ಲಿ ನೋಡಿದರೆ ಮೇಲೆ ಬಿಳಿ ಉಪ್ಪು ಚೆಲ್ಲಿದ ಹಾಗೆ ಕಾಣುತ್ತಿತ್ತು. ಹಾಕಿದ ಗೊಬ್ಬರದ ದುಡ್ಡೂ ಬರುತ್ತಿರಲಿಲ್ಲ. 2020ರಲ್ಲಿ ಜೆಸಿಬಿ ತರಿಸಿ ಹೊಂಡ ತೋಡಿದೆವು. ಕಾಟ್ಲಾ, ರೋಹು, ಮೃಗಾಲ್ ಮೀನಿನ ಮರಿ ಬಿಟ್ಟೆವು. ಮೊದಲ ಮೂರು ವರ್ಷ ಹೊಟ್ಟೆಬಟ್ಟೆಗೆ ತೊಂದರೆ ಆಗಲಿಲ್ಲ. ನಮಗೆ ಮಾರಾಟದ ಚಿಂತೆಯೂ ಇಲ್ಲ. ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಬಂಗಾಳಿ ಜನ ಇದ್ದಾರಲ್ವಾ, ಒಳ್ಳೆ ರೋಹು ಇದ್ದರೆ ಅಲ್ಲಿಯ ವ್ಯಾಪಾರಿಗಳು ಒಡ್ಡಿನ ಮೇಲೇ ಬಂದು ನಿಲ್ಲುತ್ತಾರೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ ಅದು. ತುಂಗಭದ್ರಾ ಡ್ಯಾಮಿನಲ್ಲಿ ನೀರಿಲ್ಲ, ಎರಡನೇ ಬೆಳೆಗೆ ಕಾಲುವೆ ಬಿಡಲಿಲ್ಲ. 2024ರ ಏಪ್ರಿಲ್ ಹೊತ್ತಿಗೆ ಹೊಂಡದಲ್ಲಿ ಮೊಣಕಾಲು ಮುಳುಗುವಷ್ಟು ನೀರು ಉಳಿದಿತ್ತು. ಒಂದಿನ ನಸುಕಿನಲ್ಲಿ ಹೋದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನಮ್ಮ ಮನೆಯವರು ನೀರಿಗಿಳಿದು ಕೈಯಿಂದ ನೀರು ಚಿಮ್ಮಿಸಿದರು, ಪಕ್ಕದವರ ಬೋರಿನಿಂದ ಪೈಪು ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲತೊಡಗಿದವು. ಎರಡು ದಿನ ಬುಟ್ಟಿಯಲ್ಲಿ ಹೊತ್ತು ಗುಂಡಿಗೆ ಹಾಕಿದೆವು. ಎಷ್ಟು ಸತ್ತವು ಅಂತ ಆಗ ನಾನು ಎಣಿಸಲಿಲ್ಲ, ತೂಕ ಮಾಡಲಿಲ್ಲ, ಒಂದು ಫೋಟೊ ಕೂಡ ತೆಗೆಯಲಿಲ್ಲ. ಅಳುವುದರಲ್ಲೇ ಹೋಯಿತು.

ಮೇ ತಿಂಗಳಲ್ಲಿ ಒಂದು ಕಚೇರಿಗೆ ಹೋಗಿ, ಮೀನು ಸತ್ತದ್ದಕ್ಕೆ ಎಲ್ಲಿ ಅರ್ಜಿ ಹಾಕಬೇಕು ಅಂತ ಕೇಳಿದೆ. ಅಲ್ಲಿದ್ದವರು ಕಂಪ್ಯೂಟರಿನಲ್ಲಿ ಸರ್ವೆ ನಂಬರ್ ಹೊಡೆದು ನೋಡಿದರು.

"ಅಕ್ಕಾರ, ನಿಮ್ಮ ಹೊಲದಾಗ ಭತ್ತ ಐತಲ್ರೀ."

"ಇಲ್ರೀ, ನಾಕು ವರ್ಷ ಆತು ಹೊಂಡ ಮಾಡಿ."

"ಇಲ್ಲಿ ಭತ್ತ ಅಂತ ಐತಿ. ಅಪ್ಪಾರ ಹೆಸರಲ್ಲೇ ಐತಿ. ಹೊಂಡನೂ ಇಲ್ಲ, ನೀವೂ ಇಲ್ಲ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಪರದೆ ಮೇಲೆ ಇದ್ದದ್ದನ್ನು ಓದಿದರು ಅಷ್ಟೇ. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇತ್ತು. ನಾಲ್ಕು ವರ್ಷ ನಾವು ಮಾರಿದ ಮೀನು ಎಲ್ಲೂ ಲೆಕ್ಕಕ್ಕೆ ಬಂದಿಲ್ಲ. ಬೆಳೆಯದ ಭತ್ತ ಮಾತ್ರ ಲೆಕ್ಕದಲ್ಲಿದೆ. ಎಣಿಕೆಗೆ ಬಾರದ ಮೀನು ಸತ್ತರೆ ಯಾರಿಗೆ ಗೊತ್ತಾಗಬೇಕು?

ಭತ್ತ ಹೇಗೆ ಬಂತು ಅಂತ ಆಮೇಲೆ ತಿಳಿಯಿತು. ಬೆಳೆ ಸಮೀಕ್ಷೆಗೆ ಬಂದ ಹುಡುಗ ರಸ್ತೆ ಬದಿಯಿಂದಲೇ ಫೋಟೊ ಹೊಡೆದು ಹೋಗಿದ್ದ. ಸುತ್ತ ಎಲ್ಲ ಭತ್ತ, ಎತ್ತರದ ಒಡ್ಡಿನ ಹಿಂದಿನ ಹೊಂಡ ಅವನಿಗೆ ಕಂಡೇ ಇಲ್ಲ. ತಪ್ಪು ನನ್ನದೂ ಇದೆ. ನಮ್ಮ ಸರ್ವೆ ನಂಬರಿಗೆ ಏನು ಬರೆದಿದ್ದಾರೆ ಅಂತ ಬೆಳೆ ದರ್ಶಕ್ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ನಾನು ನಾಲ್ಕು ವರ್ಷದಲ್ಲಿ ಒಂದು ಸಲವೂ ತೆರೆದು ನೋಡಿರಲಿಲ್ಲ. ನೀವು ಈ ಲೇಖನ ಪೂರ್ತಿ ಓದದಿದ್ದರೂ ಪರವಾಗಿಲ್ಲ, ಅದನ್ನೊಂದು ಇವತ್ತೇ ನೋಡಿಕೊಳ್ಳಿ.

ಮೊದಲ ಕೆಲಸ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಲ್ಲಿರುವ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅಪ್ಪ ತೀರಿಕೊಂಡು ಆರು ವರ್ಷ ಆಗಿತ್ತು, ಪಹಣಿ ಅವನ ಹೆಸರಲ್ಲೇ ಇತ್ತು. ಮರಣ ಪ್ರಮಾಣಪತ್ರ ಮನೆಯಲ್ಲಿತ್ತು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದೆ. ತಂಗಿ ಲಿಂಗಸುಗೂರು ಕಡೆ ಇರುತ್ತಾಳೆ, ಅವಳನ್ನೂ ಕರೆಸಬೇಕಾಯಿತು. ಸಹಿ ಮಾಡುವ ಮುಂಚೆ ಅವಳು ಸ್ವಲ್ಪ ಹಿಂದೆಮುಂದೆ ನೋಡಿದಳು. "ಅಕ್ಕಾ, ಸಹಿ ಮಾಡಿದ್ರ ನನ್ನ ಪಾಲು ಹೋಗಂಗಿಲ್ಲಲ್ಲ?" ಅಂತ ಕೇಳಿದಳು. ಕೇಳಿದ್ದು ಸರಿ. ಹೋಗುವುದಿಲ್ಲ, ಇಬ್ಬರ ಹೆಸರೂ ಜಂಟಿಯಾಗಿ ಬರುತ್ತವೆ ಅಂತ ಅರ್ಜಿ ಅವಳ ಕೈಗೆ ಕೊಟ್ಟು ಓದಿಸಿದೆ. ಹಾಗೇ ಬಂದವು. ಹೊಂಡ ನಾನು ನೋಡಿಕೊಳ್ಳುತ್ತೇನೆ ಅನ್ನುವುದಕ್ಕೆ ಅವಳಿಂದ ಬೇರೆ ಒಪ್ಪಿಗೆ ಪತ್ರ ಬರೆಸಿಕೊಂಡೆ. ಜಂಟಿ ಖಾತೆ ಇದ್ದವರು ಈ ಪತ್ರ ಮೊದಲೇ ಮಾಡಿಟ್ಟುಕೊಳ್ಳಿ, ಮುಂದೆ ಎರಡು ಕಡೆ ಕೇಳಿದರು.

ಇದರ ನಡುವೆ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ಹೊಳೆಗೆ ಹೋಗುವುದನ್ನು ಟಿವಿಯಲ್ಲಿ ನೋಡುತ್ತಾ ಇಡೀ ಊರು ಊಟ ಬಿಟ್ಟು ಕೂತಿತ್ತು. ತಾತ್ಕಾಲಿಕ ಗೇಟ್ ಇಳಿಸಿದ ದಿನ ನಮ್ಮ ಓಣಿಯಲ್ಲಿ ತೆಂಗಿನಕಾಯಿ ಒಡೆದರು. ಆ ಒಂದು ವಾರ ನನಗೆ ಖಾತೆಯೂ ನೆನಪಿರಲಿಲ್ಲ, ಅರ್ಜಿಯೂ ನೆನಪಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಮರಿ ಬಿಟ್ಟೆವು. ಈ ಸಲ ಒಂದು ಪಣ ತೊಟ್ಟಿದ್ದೆ. ನಾನು ಒಂಬತ್ತು ವರ್ಷ ನಮ್ಮ ಸ್ವಸಹಾಯ ಸಂಘದ ಲೆಕ್ಕ ಬರೆದವಳು. ವಾರಕ್ಕೆ ಇಪ್ಪತ್ತು ರೂಪಾಯಿ ಉಳಿತಾಯಕ್ಕೆ ಸಹಿ ಹಾಕಿಸಿಕೊಳ್ಳುವ ನಾನು, ಲಕ್ಷಗಟ್ಟಲೆ ಹಾಕಿದ ಹೊಂಡಕ್ಕೆ ಒಂದು ಚೀಟಿ ಕೂಡ ಬರೆದಿರಲಿಲ್ಲ. ಸಂಘದ ಲೆಕ್ಕಕ್ಕೆ ತರುವಂಥದ್ದೇ ಒಂದು ಉದ್ದನೆಯ ರಟ್ಟಿನ ಪುಸ್ತಕ ತಂದೆ.

ಮರಿಗಾಡಿ ಬಂತು. ಆಕ್ಸಿಜನ್ ತುಂಬಿದ ಇಪ್ಪತ್ತು ಚೀಲ. ಒಂದರಲ್ಲಿ ಐನೂರರಂತೆ ಹತ್ತು ಸಾವಿರ ಮರಿ ಅಂತ ಬಿಲ್ಲು. ಚೀಲಗಳನ್ನು ಹಾಗೇ ನೀರಲ್ಲಿ ತೇಲಿಬಿಟ್ಟೆವು. ಚೀಲದ ನೀರಿನ ಬಿಸಿಯೂ ಹೊಂಡದ ಬಿಸಿಯೂ ಒಂದಾದ ಮೇಲೆ ಬಾಯಿ ಬಿಚ್ಚಬೇಕು. ಬಿಚ್ಚುವ ಮುಂಚೆ ನಾನು ಮೂರು ಚೀಲ ಬೇರೆ ತೆಗೆದೆ. ಯಾವುದಾದರೂ ಮೂರು, ಆರಿಸಿದ್ದಲ್ಲ. ಬಿಳಿ ಬೋಗುಣಿಗೆ ಹೊಂಡದ ನೀರು ಹಾಕಿ, ಮಗಳು ಬಟ್ಟಲಿನಿಂದ ನಾಲ್ಕೈದು ಮರಿ ಎತ್ತಿ ಬಿಡುವುದು, ನಾನು ಎಣಿಸುವುದು. ಬೆರಳುದ್ದದ ಮರಿಗಳು ಬೋಗುಣಿಯ ಅಂಚಿಗೆ ಮೂತಿ ತಾಗಿಸುತ್ತಾ ಸುತ್ತುತ್ತಿದ್ದವು. ನೂರಕ್ಕೊಂದು ಕಡ್ಡಿ ಮಣ್ಣಿಗೆ ಚುಚ್ಚುತ್ತಿದ್ದೆ. ಗಾಡಿಯವನು, "ತಡ ಆಗ್ತೈತ್ರೀ, ಸಾಯ್ತಾವು" ಅಂತ ಅವಸರ ಮಾಡಿದ. ಬೇಗ ಬೇಗ ಮಾಡಿ, ಆಗಾಗ ನೀರು ಬದಲಿಸಿದರೆ ಸಾಯುವುದಿಲ್ಲ. ಮೊದಲ ಚೀಲದಲ್ಲಿ 402. ಎರಡನೆಯದರಲ್ಲಿ 418. ಮೂರನೆಯದರಲ್ಲಿ 410. ಸರಾಸರಿ 410, ಅಂದರೆ ಇಪ್ಪತ್ತು ಚೀಲಕ್ಕೆ 8,200.

ಬಿಲ್ಲಿನಲ್ಲಿ ಹತ್ತು ಸಾವಿರ, ಹೊಂಡದಲ್ಲಿ ಎಂಟು ಸಾವಿರದ ಇನ್ನೂರು. ಹಿಂದಿನ ನಾಲ್ಕು ವರ್ಷ "ಮರಿ ಜಾಸ್ತಿ ಸಾಯ್ತಾವು" ಅಂತ ನಮ್ಮ ನೀರನ್ನೇ ಬೈದುಕೊಂಡಿದ್ದೆವು. ಎಷ್ಟೋ ಮರಿ ಸತ್ತಿರಲೇ ಇಲ್ಲ, ಬಂದೇ ಇರಲಿಲ್ಲ. ಗಾಡಿಯವನ ಎದುರೇ ಬಿಲ್ಲಿನ ಹಿಂದೆ ಮೂರೂ ಚೀಲದ ಎಣಿಕೆ ಬರೆದು ಅವನ ಸಹಿ ತಗೊಂಡೆ. ದುಡ್ಡೇನೂ ವಾಪಸ್ ಬರಲಿಲ್ಲ. ಆದರೆ ಆ ಚೀಟಿ ಮುಂದೆ ಕೆಲಸಕ್ಕೆ ಬಂತು.

ಇನ್ನು ನೋಂದಣಿ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ಪ್ಲಾಟ್‌ಫಾರ್ಮ್ ಅಂತ ಒಂದು ಪೋರ್ಟಲ್ ಶುರು ಮಾಡಿದೆ. ಹೊಂಡದವರು, ಕೆರೆಯಲ್ಲಿ ಹಿಡಿಯುವವರು, ಮರಿ ಸಾಕುವವರು, ಬುಟ್ಟಿ ಹೊತ್ತು ಮಾರುವವರು, ಎಲ್ಲರೂ ಅದರಲ್ಲಿ ಹೆಸರು ಹಚ್ಚಬಹುದು. ಅದರಲ್ಲಿ ಇದ್ದರೆ ಮಾತ್ರ ಮತ್ಸ್ಯ ಕಿಸಾನ್ ಸಮೃದ್ಧಿ ಸಹ-ಯೋಜನೆಯ ವಿಮೆ ಸಹಾಯ ಸಿಗುತ್ತದೆ. ವಿಮೆ ಕಂತಿನ ನೂರಕ್ಕೆ 40ರಷ್ಟು ಒಂದು ಸಲಕ್ಕೆ ಕೊಡುತ್ತಾರೆ. ನೀರಿನ ಹರವಿನ ಪ್ರತಿ ಹೆಕ್ಟೇರಿಗೆ ಹೆಚ್ಚೆಂದರೆ 25,000 ರೂಪಾಯಿ, ನಾಲ್ಕು ಹೆಕ್ಟೇರ್‌ವರೆಗೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಇನ್ನೂ ಸ್ವಲ್ಪ ಜಾಸ್ತಿ. ಏಪ್ರಿಲ್ಲಿನ ಆ ಬೆಳಗು ಕಂಡ ಮೇಲೆ ವಿಮೆ ಇಲ್ಲದೆ ಮುಂದೆ ಹೋಗಬಾರದು ಅಂತ ನಿರ್ಧಾರ ಮಾಡಿದ್ದೆ.

ಜನವರಿಯಲ್ಲಿ ಊರಿನ ಕಂಪ್ಯೂಟರ್ ಸೆಂಟರಿಗೆ ಹೋದೆ. ಒಟಿಪಿ ಬರಲಿಲ್ಲ. ಆಧಾರಿಗೆ ಕೊಟ್ಟ ನಂಬರ್ ಯಾವಾಗಲೋ ಬಂದ್ ಆದ ಸಿಮ್‌ನದು. ತಾಲ್ಲೂಕಿಗೆ ಹೋಗಿ 50 ರೂಪಾಯಿ ಕಟ್ಟಿ ನಂಬರ್ ಬದಲಿಸಿದೆ. ಅದು ಆಗಲು ಒಂದು ವಾರದ ಮೇಲೆ ಹಿಡಿಯಿತು. ಮತ್ತೆ ಹೋದೆ. ಈ ಸಲ ಹೆಸರಿನ ತಕರಾರು. ಆಧಾರಲ್ಲಿ ನನ್ನ ಹೆಸರಿನ ಕೊನೆಗೆ 'ಅಮ್ಮ' ಇದೆ, ಪಹಣಿಯಲ್ಲಿ 'ಅವ್ವ', ಬ್ಯಾಂಕಿನಲ್ಲಿ ಎರಡೂ ಇಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆಲ್ಲ ಇದೇ ಗೋಳು. ಕರೆಯುವವರು ಹೇಗೆ ಕರೆದರೋ ಬರೆಯುವವರು ಹಾಗೆ ಬರೆದರು. ಮೊದಲು ಬ್ಯಾಂಕಿನದು ಸರಿ ಮಾಡಿಸಿ, ಆಮೇಲೆ ಪಹಣಿ. ಹೀಗೆ ಜನವರಿ ಹೋಗಿ ಫೆಬ್ರವರಿಯೂ ಹೋಯಿತು. ಬಸ್ಸಿನ ಖರ್ಚು ನನಗೆ ಆಗಲಿಲ್ಲ, ಶಕ್ತಿ ಯೋಜನೆ ಇದೆ. ಆದರೆ ಹನ್ನೊಂದು ದಿನ ಕೂಲಿ ಬಿಟ್ಟು ಓಡಾಡಿದ್ದೇನೆ. ಮನೆಯವರು ಜೊತೆಗೆ ಬಂದ ದಿನ ಅವರ ಟಿಕೆಟ್ಟು, ಇಬ್ಬರ ಊಟ, ಜೆರಾಕ್ಸು, ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಖರ್ಚಾಯಿತು.

ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಒಂದು ಸಣ್ಣ ಖಾನೆ: ನೀರಿನ ಹರವು ಎಷ್ಟು? ನಾನು ಸುಮ್ನೆ ಮೂರು ಎಕರೆ ಅಂದುಬಿಟ್ಟೆ. ಪಹಣಿಯಲ್ಲಿ ಮೂರು ಎಕರೆ ಇದೆಯಲ್ಲ. ಸೆಂಟರಿನ ಹುಡುಗ ಅದನ್ನೇ ತುಂಬಿದ. ಜಾಗ ನೋಡಲು ಬಂದ ಮೀನುಗಾರಿಕೆ ಇಲಾಖೆಯ ಸಿಬ್ಬಂದಿ ಒಡ್ಡಿನ ಮೇಲೆ ನಿಂತು, "ತಾಯಿ, ಒಡ್ಡಿನ್ಯಾಗ ಮೀನ ಇರ್ತಾವೇನು?" ಅಂತ ಕೇಳಿದರು. ಆಗ ಅರ್ಥವಾಯಿತು. ನಾಲ್ಕೂ ಕಡೆ ಒಡ್ಡು, ಗಾಡಿ ದಾರಿ, ಶೆಡ್ಡು ಬಿಟ್ಟರೆ ನೀರು ನಿಲ್ಲುವ ಜಾಗ ಬೇರೆ. ಅವರೂ ನಾನೂ ಸೇರಿ ಟೇಪು ಹಿಡಿದೆವು. ಉದ್ದ 120 ಮೀಟರ್, ಅಗಲ 75 ಮೀಟರ್. 9,000 ಚದರ ಮೀಟರ್, ಅಂದರೆ 0.9 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಎರಡು ಎಕರೆ ಒಂಬತ್ತು ಗುಂಟೆ. ಮೂರು ಎಕರೆ ಅಂತ ಬಿಟ್ಟಿದ್ದರೆ ಮುಂದೆ ವಿಮೆಯವರು ಅಳೆಯುವ ದಿನ ಅರ್ಜಿ ಅಲ್ಲೇ ನಿಲ್ಲುತ್ತಿತ್ತು. ಹೊಂಡ ತುಂಬಿದ್ದಾಗ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಅಳೆದು ಎರಡನ್ನೂ ಬರೆದಿಡಿ ಅಂತಲೂ ಅವರೇ ಹೇಳಿದರು. ನೀವೂ ಹಾಗೇ ಮಾಡಿ.

ಆ ಸಿಬ್ಬಂದಿ ಒಳ್ಳೆಯವರು. ಬೇವಿನ ನೆರಳಲ್ಲಿ ಕೂತು ಚಹಾ ಕುಡಿಯುತ್ತಾ, ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಕಡಲ ಮೀನಿನ ಲೆಕ್ಕಕ್ಕೆ 1947ರಿಂದ ಇರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಮಲ್ಪೆ, ಮಂಗಳೂರಿನಂಥ ಬಂದರಿನಲ್ಲಿ ಅದರ ಜನ ಆರಿಸಿದ ದಿನ ಹೋಗಿ ನಿಲ್ಲುತ್ತಾರೆ. ಕೆಲವು ದೋಣಿಗಳ ಮೀನು ನೋಡಿ, ತೂಗಿ, ಅದರ ಮೇಲೆ ಒಟ್ಟು ಲೆಕ್ಕ ಕಟ್ಟುತ್ತಾರೆ. ಎಷ್ಟೇ ದೋಣಿ ಹೋದರೂ ಕೊನೆಗೆ ದಡಕ್ಕೇ ಬರಬೇಕು, ಅಲ್ವಾ? ಒಳನಾಡಿನಲ್ಲಿ ಹಾಗಲ್ಲ. ನಮ್ಮ ಮೀನಿಗೆ ಬಂದರಿಲ್ಲ. ಒಂದು ಹೊಂಡದವರು ಬೆಳಿಗ್ಗೆ ನಾಲ್ಕಕ್ಕೆ ಎಳೆಬಲೆ ಹಾಕಿ ಆರಕ್ಕೆ ಗಾಡಿ ತುಂಬಿಸಿ ಕಳಿಸಿಬಿಟ್ಟಿರುತ್ತಾರೆ. ಹಳ್ಳದಲ್ಲಿ ಬೀಸುಬಲೆ ಹಾಕುವ ಅಂಬಿಗರ ಮನೆಯಲ್ಲಿ ಹಿಡಿದದ್ದರಲ್ಲಿ ಅರ್ಧ ಸಾರಿಗೇ ಹೋಗುತ್ತದೆ. ಅದನ್ನು ಯಾರು ತೂಗುತ್ತಾರೆ? ಆದರೆ 2022-23ರಲ್ಲಿ ದೇಶದಲ್ಲಿ ಬಂದ 175 ಲಕ್ಷ ಟನ್ ಮೀನಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಒಳನಾಡಿನದೇ. ದೊಡ್ಡ ಪಾಲನ್ನೇ ಹೀಗೆ ಅಂದಾಜಿನ ಮೇಲೆ ಬರೆಯಬೇಕಾಗುತ್ತದೆ.

ಇನ್ನೊಂದು ಗೊಂದಲವನ್ನೂ ಅವರು ಬಿಡಿಸಿ ಹೇಳಿದರು. ಹೊಂಡದಲ್ಲಿ ಸಾಕಿದ ಮೀನು ಬೇರೆ ಲೆಕ್ಕ, ಹೊಳೆಯಲ್ಲಿ ಹಿಡಿದದ್ದು ಬೇರೆ ಲೆಕ್ಕ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದಕ್ಕೆ ಎರಡು ಗುರುತು ಹೇಳುತ್ತದಂತೆ: ಬೆಳೆಸಲು ಮನುಷ್ಯನ ಕೈ ಬಿದ್ದಿರಬೇಕು, ಬೆಳೆಯುವ ಮೀನಿಗೆ ಒಬ್ಬ ಒಡೆಯ ಇರಬೇಕು. ಆ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಮೊದಲ ಸಲ ಜಗತ್ತಿನಲ್ಲಿ ಹಿಡಿದ ಮೀನು-ಸಿಗಡಿಗಿಂತ ಸಾಕಿದ್ದು ಜಾಸ್ತಿ ಆಯಿತು, ನೂರಕ್ಕೆ 51. ಹಾಗಾದರೆ ಸಹಕಾರ ಸಂಘದವರು ಗುತ್ತಿಗೆ ಹಿಡಿದು ಮರಿ ಬಿಟ್ಟ ಕೆರೆ ಯಾವ ಲೆಕ್ಕ? ಮರಿ ಬಿಟ್ಟದ್ದೂ ಇದೆ, ತಾನಾಗಿ ಬೆಳೆದದ್ದೂ ಇದೆ. ಅದಕ್ಕೇ ಎರಡೂ ಕಡೆ ಬರೆಯುವುದೋ, ಎಲ್ಲೂ ಬರೆಯದಿರುವುದೋ ಆಗುತ್ತದೆ ಅಂದರು. ಸಂಘದ ಕಾರ್ಯದರ್ಶಿಗಳು ಯಾರಾದರೂ ಓದುತ್ತಿದ್ದರೆ, ಬಿಟ್ಟ ಜಾತಿ ಯಾವುದು, ಬಿಡದೆ ಬಲೆಗೆ ಬಿದ್ದ ಜಾತಿ ಯಾವುದು ಅಂತ ಬೇರೆ ಬೇರೆ ಬರೆದುಕೊಳ್ಳಿ. ಕೊರವ, ಚೇಳುಮೀನು ಸಿಕ್ಕರೆ 'ಇತರೆ' ಅಂತ ಒಂದೇ ಗುಂಪಿಗೆ ಹಾಕಬೇಡಿ.

ಮಾರ್ಚಿನಲ್ಲಿ ನೋಂದಣಿ ಆಯಿತು. ಅದೇ ತಿಂಗಳು ಗ್ರಾಮ ಆಡಳಿತ ಅಧಿಕಾರಿ ಬಂದು ಹೊಂಡ ನೋಡಿ ವರದಿ ಬರೆದುಕೊಟ್ಟರು. ಅಕ್ಕಪಕ್ಕದ ಇಬ್ಬರು ರೈತರು ಸಾಕ್ಷಿ ಹಾಕಿದರು. ಅವರಲ್ಲಿ ಒಬ್ಬರಿಗೆ ತಮ್ಮದೂ ಹೊಂಡ ಇದೆ. ಸಹಿ ಮಾಡಿ ನನ್ನನ್ನು ಪಕ್ಕಕ್ಕೆ ಕರೆದು, "ಯವ್ವಾ, ಬರೆಸಿದ್ರ ನೀರಾವರಿಯವ್ರು ಏನಾರ ಅಂದಾರು, ಸಬ್ಸಿಡಿ ಬಂದ್ ಮಾಡ್ಯಾರು" ಅಂದರು. ಈ ಹೆದರಿಕೆ ನಮ್ಮಲ್ಲಿ ಎಲ್ಲರಿಗೂ ಇದೆ. ಕೇಳಲು ಬಂದವರಿಗೆ ಒಬ್ಬರು ಅರ್ಧ ಹೇಳುತ್ತಾರೆ, ಇನ್ನೊಬ್ಬರು ದುಪ್ಪಟ್ಟು ಹೇಳುತ್ತಾರೆ. ನಾನೂ ಹಾಗೇ ಹೇಳಿಕೊಂಡು ಬಂದವಳು. ಅವರಿಗೆ ಏಪ್ರಿಲ್ಲಿನ ಗುಂಡಿ ನೆನಪು ಮಾಡಿದೆ. ಆ ಗುಂಡಿ ತೋಡಲು ಅವರೇ ಸಲಿಕೆ ಹಿಡಿದಿದ್ದರು. ಸುಮ್ಮನಾದರು.

ಪುಸ್ತಕ ಮಾತ್ರ ಒಂದು ದಿನವೂ ಬಿಡಲಿಲ್ಲ. ತೌಡು ಎಷ್ಟು ಕೆಜಿ, ಶೇಂಗಾ ಹಿಂಡಿ ಎಷ್ಟು, ಸುಣ್ಣ ಹಾಕಿದ್ದು ಯಾವಾಗ, ಸತ್ತ ಮೀನು ಎಷ್ಟು. ಇಪ್ಪತ್ತು ದಿನಕ್ಕೊಮ್ಮೆ ಬೀಸುಬಲೆ ಹಾಕಿ ಇಪ್ಪತ್ತು ಮೀನು ತೂಗುವುದು, ಸರಾಸರಿ ಬರೆಯುವುದು, ಹಾಗೇ ನೀರಿಗೆ ಬಿಡುವುದು. ಇದರಿಂದ ಆದ ಲಾಭ ಒಂದು ಹೇಳುತ್ತೇನೆ. ಫೆಬ್ರವರಿಯಲ್ಲಿ ಸರಾಸರಿ ತೂಕ ಏರಲೇ ಇಲ್ಲ. ಮೇವು ಮಾತ್ರ ಜಾಸ್ತಿ ಹೋಗುತ್ತಿತ್ತು. ಪುಸ್ತಕ ನೋಡಿದ್ದಕ್ಕೆ ಗೊತ್ತಾಯಿತು, ಚಳಿಗೆ ಮೀನು ತಿನ್ನುವುದು ಕಡಿಮೆ ಮಾಡಿದ್ದವು, ನಾವು ಮಾತ್ರ ಹಳೇ ಲೆಕ್ಕದಲ್ಲೇ ಸುರಿಯುತ್ತಿದ್ದೆವು. ಮೇವು ಇಳಿಸಿದೆವು. ಚೀಲಗಟ್ಟಲೆ ಹಿಂಡಿ ಉಳಿಯಿತು.

ಮಾರ್ಚ್, ಮೇ, ಜೂನ್, ಮೂರು ಸಲ ಎಳೆಬಲೆ ಹಾಕಿದೆವು. ಪ್ರತಿ ಸಲ ಕ್ರೇಟಿನ ತೂಕ ಕಳೆದು, ಜಾತಿವಾರು ಬರೆದೆ. ವ್ಯಾಪಾರಿ ನೀರಿನ ತೂಕ ಅಂತ ಕಳೆದದ್ದನ್ನು ಬೇರೆ ಖಾನೆಯಲ್ಲಿ ಹಾಕಿದೆ. ಮನೆಗೆ, ಬೀಗರಿಗೆ, ಬಲೆ ಎಳೆದವರಿಗೆ ಕೊಟ್ಟದ್ದನ್ನೂ ಬಿಡಲಿಲ್ಲ. ಮಾರದಿದ್ದರೂ ಅದು ಹೊಂಡದಲ್ಲಿ ಬೆಳೆದ ಮೀನೇ ತಾನೇ. ಒಟ್ಟು 4,280 ಕೆಜಿ ಆಯಿತು.

ಜುಲೈಯಲ್ಲಿ ಆ ಸಿಬ್ಬಂದಿ ವರ್ಷದ ಲೆಕ್ಕ ಬರೆಯಲು ಬಂದರು. ಅವರ ಹಾಳೆಯಲ್ಲಿ ನಮ್ಮ ಹೊಂಡದ ಎದುರಿಗೆ ಪೆನ್ಸಿಲ್ಲಿನಲ್ಲಿ ಮೊದಲೇ ಒಂದು ಅಂಕಿ ಇತ್ತು: 8,000 ಕೆಜಿ. ಬಿಲ್ಲಿನ ಹತ್ತು ಸಾವಿರ ಮರಿ, ನೂರಕ್ಕೆ ಎಂಬತ್ತು ಉಳಿದವು, ಒಂದೊಂದು ಕೆಜಿ ಬಂತು ಅಂತ ಹಿಡಿದ ಅಂದಾಜು. ಅವರಾದರೂ ಏನು ಮಾಡುತ್ತಾರೆ, ಒಬ್ಬರಿಗೆ ಇಷ್ಟೊಂದು ಹೊಂಡ, ಕೇಳಿದರೆ ನಮ್ಮಂಥವರು ಹೇಳುವುದು ಬಾಯಿಗೆ ಬಂದದ್ದು. ನಾನು ಪುಸ್ತಕ ಮುಂದಿಟ್ಟೆ, ಮರಿ ಬಿಲ್ಲಿನ ಹಿಂದಿನ ಎಣಿಕೆ ತೋರಿಸಿದೆ, ತೂಕದ ಚೀಟಿ ಒಂದೊಂದಾಗಿ ಕೊಟ್ಟೆ. ಅವರು ಅರ್ಧ ಗಂಟೆ ಕೂತು ಕೂಡಿಸಿ ನೋಡಿದರು. ಆಮೇಲೆ ಮಗಳ ಹತ್ತಿರ ರಬ್ಬರ್ ಇಸಿದುಕೊಂಡು ಪೆನ್ಸಿಲ್ ಅಂಕಿ ಅಳಿಸಿ, ಪೆನ್ನಿನಲ್ಲಿ 4,280 ಬರೆದರು. ನನ್ನ ಪುಸ್ತಕದ ಎಲ್ಲ ಹಾಳೆ ಫೋಟೊ ತೆಗೆದುಕೊಂಡರು.

8,000 ಅಂತಲೇ ಉಳಿದಿದ್ದರೆ ನಮಗೇನು ನಷ್ಟ ಅಂತ ಮನೆಯವರು ಕೇಳಿದರು. ನಾಳೆ ಮೀನು ಸತ್ತು ವಿಮೆಯವರು ಬಂದಾಗ, ಎಂಟು ಟನ್ ತೆಗೆಯುವ ಹೊಂಡದಲ್ಲಿ ಎರಡು ಟನ್ ಹೋದರೆ ಏನಾಯಿತು ಅಂತಾರೆ. ಮೀನು ಬೇಕಾದಷ್ಟಿದೆ ಅಂತ ತಿಳಿದರೆ ಕಾಲುವೆಯ ಕೊನೆಗೆ ಒಂದು ಮರಿ ಸಾಕುವ ಕೇಂದ್ರವಾಗಲಿ, ಐಸ್ ಕಾರ್ಖಾನೆಯಾಗಲಿ ಬೇಕು ಅಂತ ಯಾರಿಗೆ ಅನಿಸುತ್ತದೆ? ಹಾಗಂದೆ. ಅವರು ತಲೆದೂಗಿದರು.

ವಿಮೆ ಅರ್ಜಿಗೆ ನಾನು ಕೊಟ್ಟದ್ದು ಇಷ್ಟು: ನೋಂದಣಿ ಪತ್ರ, ಪಹಣಿ, ತಂಗಿಯ ಒಪ್ಪಿಗೆ ಪತ್ರ, ನೀರಿನ ಹರವಿನ ಅಳತೆ, ಗ್ರಾಮ ಆಡಳಿತ ಅಧಿಕಾರಿಯ ವರದಿ, ಮರಿ ಬಿಲ್ಲು, ಪುಸ್ತಕದ ನಕಲು. ಎಲ್ಲದರ ಎರಡು ಪ್ರತಿ ಇಟ್ಟುಕೊಳ್ಳಿ. ನೋಂದಣಿಗೆ ಹೋಗುವ ಮುಂಚೆ ಆಧಾರ್, ಬ್ಯಾಂಕು, ಪಹಣಿ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಅಕ್ಷರ ಅಕ್ಷರ ನೋಡಿ, ನನ್ನ ಎರಡು ತಿಂಗಳು ಅದರಲ್ಲೇ ಹೋದವು.

ಕಾಲುವೆಗೆ ನೀರು ಬಂದಿದೆ. ಈ ಸಲದ ಮರಿಗಾಡಿ ಶುಕ್ರವಾರ ಬರುತ್ತದೆ. ಪಕ್ಕದ ಹೊಂಡದವರು ನಿನ್ನೆ ಸಂಜೆ ಬಂದು, ಶುಕ್ರವಾರ ಬಿಳಿ ಬೋಗುಣಿ ತಮಗೂ ಬೇಕು ಅಂತ ಕೇಳಿ ಹೋದರು.